ಪ್ಯಾಂಕ್ರಿಯಾಸ್ ಆಪರೇಷನ್ ಆದ ಮೇಲೆ ಮನೆಯವರು ಏನು ನೋಡಬೇಕು?

ನಿಡಗುಂದಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಮೇದೋಜೀರಕ ಗ್ರಂಥಿ, ಅಂದ್ರ ಪ್ಯಾಂಕ್ರಿಯಾಸ್ ಆಪರೇಷನ್ ಆದ ಮೇಲಿನ ಆರೈಕೆ. ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿದವ. ಔಷಧಿ ಹೇಳಂಗಿಲ್ಲ, ವ್ಯವಸ್ಥೆ ಹೆಂಗ ಕೆಲಸ ಮಾಡ್ತೈತಿ ಅಂತ ಹೇಳ್ತೀನಿ.

ಪ್ಯಾಂಕ್ರಿಯಾಸ್ ಇರೋದು ಜಠರದ ಹಿಂದೆ, ಆಳದಲ್ಲಿ. ಅದರ ತಲೆಭಾಗದಲ್ಲಿ ಗಡ್ಡೆಯಾದರೆ ಮಾಡುವ ದೊಡ್ಡ ಆಪರೇಷನ್ನಿಗೆ ವಿಪಲ್ ಅಂತಾರೆ. ಆ ತಲೆಭಾಗ, ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ, ಪಿತ್ತನಾಳದ ಒಂದು ಭಾಗ ತೆಗೆದು, ಉಳಿದದ್ದನ್ನು ಮೂರು ಕಡೆ ಕರುಳಿಗೆ ಜೋಡಿಸುತ್ತಾರೆ. ಅಪಾಯ ಇರೋದು ಈ ಜೋಡಣೆಯಲ್ಲಿ. ಪ್ಯಾಂಕ್ರಿಯಾಸ್ ರಸ ನಾವು ತಿಂದ ಕೊಬ್ಬು, ಮಾಂಸ ಕರಗಿಸೋ ರಸ. ಜೋಡಣೆ ಸೋರಿದ್ರ ಅದು ಪಕ್ಕದ ರಕ್ತನಾಳವನ್ನೇ ತಿನ್ನಬಹುದು.

ಹಂಗಾದ್ರ ಸೋರಿಕೆಯನ್ನ ಬೇಗ ಹಿಡಿಯೋದು ಹೆಂಗ? ಇದಕ್ಕ ಗಟ್ಟಿ ಉತ್ತರ ಕೊಟ್ಟದ್ದು ನೆದರ್ಲೆಂಡ್ಸ್. ಅಲ್ಲಿಯ 17 ಆಸ್ಪತ್ರೆಗಳು ಸೇರಿ ಒಂದೇ ನಿಯಮಪಟ್ಟಿ ಮಾಡಿ, ಅದನ್ನ ಮೊಬೈಲ್ ಆ್ಯಪ್‌ಗೆ ಹಾಕಿದವು. ರೋಗಿಯ ಜ್ವರ, ರಕ್ತಪರೀಕ್ಷೆ, ಡ್ರೇನ್ ಪೈಪಿನ ದ್ರವ ಎಲ್ಲಾ ನೋಡಿ, ಸಿಟಿ ಸ್ಕ್ಯಾನ್ ಯಾವಾಗ, ಆಂಟಿಬಯಾಟಿಕ್ ಯಾವಾಗ, ಪೈಪ್ ತೆಗೆಯೋದು ಯಾವಾಗ ಅಂತ ಅದು ಹೇಳ್ತಿತ್ತು. ಆಲಮಟ್ಟಿ ಡ್ಯಾಮಿನ ನೀರಿನ ಮಟ್ಟ ದಿನಾ ಬರೆದಿಡ್ತಾರಲ್ಲ, ಇದೂ ಹಂಗ. 1,748 ರೋಗಿಗಳ ಈ ಅಧ್ಯಯನ 2022ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಭಾರಿ ರಕ್ತಸ್ರಾವ, ಅಂಗವೈಫಲ್ಯ ಅಥವಾ ಸಾವು, ಇವುಗಳಲ್ಲಿ ಏನಾದರೂ ಒಂದು ಆದವರು ನೂರಕ್ಕೆ 14ರಿಂದ 8ಕ್ಕೆ ಇಳಿದರು. 90 ದಿನದೊಳಗಿನ ಸಾವು ನೂರಕ್ಕೆ 5ರಿಂದ 3ಕ್ಕೆ ಬಂತು. ಹೊಸ ಔಷಧಿ ಇಲ್ಲ, ಹೊಸ ಮಷಿನ್ ಇಲ್ಲ. ಯಾವಾಗ ಏನು ಮಾಡಬೇಕು ಅನ್ನೋದನ್ನ ಬರೆದಿಟ್ಟು ಪಾಲಿಸಿದ್ರು, ಅಷ್ಟ.

ಇನ್ನೊಂದು ಪದ್ಧತಿ ಇರಾಸ್. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಮಾಡಿದ ಕೆಲಸದಿಂದ ಬೆಳೆದದ್ದು. ವಿಪಲ್‌ಗೆ ಅಂತಲೇ ಅದರ ಮಾರ್ಗಸೂಚಿ 2012ರಲ್ಲಿ ಬಂತು. ನೋವು ಹಿಡಿತದಲ್ಲಿಡಿ, ಬೇಗ ನಡೆಸಿ, ತಡಕೊಳ್ಳುವಷ್ಟು ಬೇಗ ಊಟ ಶುರು ಮಾಡಿ ಅನ್ನುತ್ತದೆ ಅದು. ನಮ್ಮ ಮನಿಗಳಲ್ಲಿ ಹಿರಿಯರು "ಏಳಬ್ಯಾಡೋ, ಹೊಲಿಗಿ ಬಿಚ್ಚೀತು" ಅಂತಾರ. ನರ್ಸ್ ನಡೆಸಾಕ ಬಂದಾಗ ತಡೀಬ್ಯಾಡ್ರಿ.

ಈಗ ನಮ್ಮೂರಿನ ಮಾತು. ಇಂಥ ಆಪರೇಷನ್‌ಗೆ ಇಲ್ಲಿನವರು ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಅಂತ ದೂರ ಹೋಗಬೇಕು. ಆಸ್ಪತ್ರೆಯ ನಿಯಮಪಟ್ಟಿ ವಾರ್ಡಿನಲ್ಲೇ ಉಳೀತೈತಿ, ರೋಗಿ ಮಾತ್ರ ಊರಿಗೆ ಬರ್ತಾರ. ಇಲ್ಲಿಂದ ಮುಂದೆ ಮಟ್ಟ ನೋಡುವವರು ನೀವು.

ಜ್ವರ, ಚಳಿ, ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಕಣ್ಣು ಹಳದಿ ಆಗೋದು ಕಂಡ್ರ ಅವತ್ತೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡ್ರಿ. ಡ್ರೇನ್‌ನಲ್ಲಿ ರಕ್ತ, ರಕ್ತದ ವಾಂತಿ, ಕಪ್ಪು ಮಲ, ತಲೆಸುತ್ತಿ ಬೀಳೋದು ಇದ್ರ ತಕ್ಷಣ 108. ರಕ್ತ ಸ್ವಲ್ಪೇ ಬಂದು ನಿಂತ್ರೂ ಸುಮ್ಮನಿರಬ್ಯಾಡ್ರಿ. ದೊಡ್ಡ ರಕ್ತಸ್ರಾವಕ್ಕೂ ಮುಂಚೆ ಎಷ್ಟೋ ಸಲ ಹಿಂಗ ಸಣ್ಣದೊಂದು ಬರ್ತೈತಿ.

ಊಟ ಸ್ವಲ್ಪ ಸ್ವಲ್ಪ, ದಿನಕ್ಕ ಐದಾರು ಸಲ. ಡಾಕ್ಟರ್ ಎಂಜೈಮ್ ಕ್ಯಾಪ್ಸೂಲ್ ಬರೆದಿದ್ರ ಅದು ಊಟದ ಜೊತೆಗೇ, ತಾಸು ಬಿಟ್ಟಲ್ಲ. ಮಲ ಜಿಡ್ಡಾಗಿ ತೇಲಿದ್ರ ಡಾಕ್ಟರಿಗೆ ಹೇಳ್ರಿ. ಸಕ್ಕರೆ ಪರೀಕ್ಷೆ ಬಿಡಬ್ಯಾಡ್ರಿ, ಮೊದಲು ಇಲ್ಲದವರಿಗೂ ಶುಗರ್ ಬರಬಹುದು.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಐತಿ. ಕೇಂದ್ರದ ಪಿಎಂ-ಜೆಎವೈ ನಿಯಮದಲ್ಲಿ ಡಿಸ್ಚಾರ್ಜ್ ನಂತರದ 15 ದಿನದ ಔಷಧಿ, ಪರೀಕ್ಷೆಯೂ ಸೇರಿದೆ. ನಿಮಗೆ ಏನೇನು ಸಿಗ್ತೈತಿ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನ ಡಿಸ್ಚಾರ್ಜ್‌ಗೂ ಮುಂಚೆನೇ ಕೇಳ್ರಿ.

ಮನೆಯಲ್ಲಿ ಸ್ಮಾರ್ಟ್‌ಫೋನ್ ಚಲೋ ಬಳಸೋರು ನೀವೇ. ಡಿಸ್ಚಾರ್ಜ್ ಸಮರಿಯ ಪ್ರತಿ ಪುಟದ ಫೋಟೋ ತೆಗೀರಿ, ವಾರ್ಡಿನ ನಂಬರ್ ಮನೆಯ ಎರಡು ಫೋನಿನಲ್ಲಿ ಸೇವ್ ಮಾಡ್ರಿ. 108 ಹತ್ತಿರದ ಆಸ್ಪತ್ರೆಗೆ ಒಯ್ದಾಗ ಅಲ್ಲಿನ ಡಾಕ್ಟರಿಗೆ ಮೊದಲು ಬೇಕಾಗೋದು ಅದೇ. ಡಿಸ್ಚಾರ್ಜ್ ದಿನ ಒಂದು ಮಾತು ಕೇಳದೆ ಬರಬ್ಯಾಡ್ರಿ: "ಡಾಕ್ಟ್ರೇ, ಏನಾದ್ರ ಯಾರಿಗೆ ಫೋನ್ ಮಾಡಬೇಕು? ಕನ್ನಡದಾಗ ಬರೆದುಕೊಡ್ರಿ." ಮುಂದಿನ ಕಂತಿನಲ್ಲಿ ಸಿಗೋಣ್ರೀ.