ಮಾರ್ಗರೀಟ್ ಸಾಯುವಾಗ ಆರ್ಮಾಂ ಎಲ್ಲಿದ್ದ?



ಅಲೆಕ್ಸಾಂದ್ರ್ ದ್ಯೂಮಾನ 'ಲಾ ದಾಮ್ ಓ ಕಮೇಲಿಯಾ' ನಿಮಗೆ ಹೊಸದಲ್ಲ. ಇದೇ ಕಥೆಯ ಗ್ರೆಟಾ ಗಾರ್ಬೊಳ ಸಿನಿಮಾ ನೋಡಿದವರು, ವೆರ್ಡಿಯ ಒಪೆರಾ 'ಲಾ ತ್ರಾವಿಯಾತಾ' ಕೇಳಿದವರು ಇಲ್ಲಿದ್ದೀರಿ. ಬರೆದವನು ಅಪ್ಪ ದ್ಯೂಮಾ ಅಲ್ಲ, ಮಗ ದ್ಯೂಮಾ. ಕಾದಂಬರಿ 1848ರದು, ಅದನ್ನೇ ಅವನು ನಾಟಕ ಮಾಡಿದ, ಸೆನ್ಸಾರಿನವರು ತಡೆದರು, ಕೊನೆಗೆ 1852ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ವೋದವೀಲ್ ರಂಗಮಂದಿರದಲ್ಲಿ ಪರದೆ ಎದ್ದಿತು. ಇತಿಹಾಸ ಇಷ್ಟು ಸಾಕು.

ನನ್ನ ತಕರಾರು ಒಂದೇ. ಕಾದಂಬರಿಯಲ್ಲಿ ಪ್ಯಾರಿಸ್ಸಿನ ಗಣಿಕೆ ಮಾರ್ಗರೀಟ್ ಸಾಯುವಾಗ ಅವಳ ಪ್ರಿಯಕರ ಆರ್ಮಾಂ ಹತ್ತಿರವಿಲ್ಲ. ನಾಟಕದಲ್ಲಿ ಓಡಿ ಬರುತ್ತಾನೆ, ಅವಳು ಅವನ ತೋಳಲ್ಲೇ ಪ್ರಾಣ ಬಿಡುತ್ತಾಳೆ. ಒಂದೇ ಕೈ ಬರೆದದ್ದು, ಯಾವುದು ನಿಜ?

ಕಾದಂಬರಿ ಶುರುವಾಗುವುದೇ ಹರಾಜಿನಿಂದ. ಸತ್ತವಳ ಮಂಚ, ಕನ್ನಡಿ, ಶಾಲುಗಳಿಗೆ ಬೆಲೆ ಕೂಗುತ್ತಾರೆ. ಬದುಕಿದ್ದಾಗ ಅವಳ ಮನೆ ಹೊಸ್ತಿಲು ತುಳಿಯದ ಮರ್ಯಾದಸ್ಥ ಹೆಂಗಸರೂ ನೋಡಲು ಬಂದಿದ್ದಾರೆ. ಸಾವು ಮೊದಲೇ ಗೊತ್ತು, ಅವಳು ಆರ್ಮಾಂನನ್ನು ಬಿಟ್ಟುಹೋದ ಕಾರಣ ಗೊತ್ತಿಲ್ಲ. ಆರ್ಮಾಂನ ತಂದೆ ಬಂದು, ಮಗನನ್ನು ಬಿಟ್ಟುಬಿಡು ಎಂದು ಬೇಡಿಕೊಂಡದ್ದು ಅವಳು ಬರೆದಿಟ್ಟ ಹಾಳೆಗಳಿಂದ ಕಡೆಯಲ್ಲಿ ತಿಳಿಯುತ್ತದೆ. ಅಲ್ಲಿಯವರೆಗೆ ಆರ್ಮಾಂನ ಜೊತೆ ನಾವೂ ಅವಳನ್ನು ಬೈದಿರುತ್ತೇವೆ. ನಾಟಕದಲ್ಲಿ ಆ ಭೇಟಿ ಮೂರನೇ ಅಂಕದಲ್ಲಿ, ನಮ್ಮ ಕಣ್ಣೆದುರೇ. ನಾವು ತಪ್ಪಿತಸ್ಥರಾಗುವ ಅವಕಾಶವೇ ಇಲ್ಲ, ಹಾಯಾಗಿ ಅಳಬಹುದು. ಇದು ಮೋಸ ಎಂಬುದು ನನ್ನ ವಾದ.

ನಲವತ್ತು ವರ್ಷದ ಹಿಂದೆ ಇದನ್ನೇ ನಮ್ಮ ಮೇಷ್ಟ್ರ ಮುಂದೆ ಆಡಿ ಬೈಸಿಕೊಂಡೆ. ಅವರು ನಶ್ಯದ ಡಬ್ಬಿ ಮುಚ್ಚಿ, "ಹಾಗಾದರೆ ಕಾಳಿದಾಸನನ್ನೂ ಕಟಕಟೆಗೆ ನಿಲ್ಲಿಸು" ಎಂದರು. ಮಹಾಭಾರತದ ದುಷ್ಯಂತ ಶಕುಂತಲೆಯನ್ನು ಬಲ್ಲ, ಬಲ್ಲೆನೆನ್ನುವುದಿಲ್ಲ. ಕಾಳಿದಾಸ ದೂರ್ವಾಸರ ಶಾಪ ತಂದು ರಾಜನ ಮಾನ ಉಳಿಸಿದ. ಅದು ಮೋಸವೇನಯ್ಯಾ? ನನ್ನ ಬಾಯಿ ಕಟ್ಟಿತು. ಮೇಷ್ಟ್ರು ನಾಟಕದ ಪಕ್ಷ. ಅದನ್ನು ಓದುವಾಗ ಅವರದೇ ಗಂಟಲು ಬಿಗಿಯುತ್ತಿತ್ತು, ನಾವು ಹಿಂದಿನ ಬೆಂಚಿನವರು ನಗುತ್ತಿದ್ದೆವು.

ಅವರು ಹೇಳದೆ ಬಿಟ್ಟದ್ದನ್ನು ಆಮೇಲೆ ಓದಿ ತಿಳಿದೆ. ಮಾರ್ಗರೀಟಳ ಹಿಂದೆ ಮಾರೀ ದ್ಯುಪ್ಲೆಸೀ ಎಂಬ ನಿಜವಾದ ಹೆಣ್ಣಿದ್ದಾಳೆ. ನಾರ್ಮಂಡಿಯ ಬಡವರ ಮಗಳು, ಹುಟ್ಟಿದ ಹೆಸರು ಆಲ್ಫೋನ್ಸೀನ್ ಪ್ಲೆಸೀ. ಅವಳ ಪ್ರಿಯಕರನಾಗಿದ್ದ ದ್ಯೂಮಾ 1845ರಲ್ಲಿ ಪತ್ರ ಬರೆದು ಅವಳನ್ನು ಬಿಟ್ಟ. 1847ರ ಫೆಬ್ರವರಿ 3ರಂದು ಕ್ಷಯದಿಂದ ಅವಳು ತೀರಿಕೊಂಡಾಗ ಇಪ್ಪತ್ಮೂರು ವರ್ಷ, ಅವನು ಪಕ್ಕದಲ್ಲಿರಲಿಲ್ಲ. ಅವಳ ಸಾಮಾನೂ ಹರಾಜಾಯಿತು. ಆ ವಿದಾಯದ ಪತ್ರವನ್ನು ಎಷ್ಟೋ ವರ್ಷದ ಮೇಲೆ, ಮಾರ್ಗರೀಟಳ ಪಾತ್ರ ಮಾಡುತ್ತಿದ್ದ ಸಾರಾ ಬರ್ನಾರಳ ಕೈಗೆ ಅವನೇ ಕೊಟ್ಟ.

ಇಲ್ಲಿ ನನ್ನ ವಾದ ಅಲುಗಾಡುತ್ತದೆ. ಹೋಗಲಾಗದ ಹಾಸಿಗೆಯ ಬಳಿಗೆ ದ್ಯೂಮಾ ರಂಗದ ಮೇಲಾದರೂ ಹೋಗಿ ಕೂತನೇ? ಅದು ಪ್ರಾಯಶ್ಚಿತ್ತವೋ, ತಾನು ಬರಲಿಲ್ಲ ಎಂಬುದನ್ನು ಊರವರಿಂದ ಮರೆಸುವ ಉಪಾಯವೋ? ಸತ್ತವಳಿಗೆ ಅದರಿಂದ ಬಂದದ್ದೇನು? ಮತ್ತೆ, ಇಷ್ಟೆಲ್ಲ ಗೊತ್ತಿದ್ದೂ ಐದನೇ ಅಂಕಕ್ಕೆ ನನ್ನ ಕಣ್ಣೇಕೆ ಒದ್ದೆಯಾಗುತ್ತದೆ?

ಮೇಷ್ಟ್ರು ಈಗಿಲ್ಲ, ನಿಮ್ಮನ್ನೇ ಕೇಳಬೇಕು. ಎರಡನ್ನೂ ಓದಿ ಬನ್ನಿ. ಕಾದಂಬರಿ ಮೊದಲು.