ನೆರಳೂ ಒಂದು ದಾಸೋಹ



ಈ ಮಾಗಡಿ ಸೀಮೆಯ ಭಕ್ತರೊಬ್ಬರು ಹೊಸ ಮನೆ ಕಟ್ಟಿಸಿ ನಮ್ಮನ್ನು ಪಾದಪೂಜೆಗೆ ಬರಮಾಡಿಕೊಂಡಿದ್ದರು. ಮನೆ ಭವ್ಯವಾಗಿತ್ತು. ಅಂಗಳದ ಹೊಂಗೆಮರ ಮಾತ್ರ ಇರಲಿಲ್ಲ. 'ಕಾರು ನಿಲ್ಲಿಸಲು ಜಾಗ ಬೇಕಾಗಿತ್ತು, ಬುದ್ಧಿ' ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು; ತಂಪಿನ ಯಂತ್ರ ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಎಲ್ಲರೂ ಎದ್ದು ಪಕ್ಕದ ಹಳೆಯ ಮನೆಯ ಜಗಲಿಗೆ ಹೋಗಿ ಕುಳಿತೆವು! ಮಣ್ಣಿನ ಗೋಡೆ, ನಾಡಹೆಂಚು, ಮುಂದೊಂದು ಬೇವಿನ ಮರ. ಅಲ್ಲಿ ಬೀಸಣಿಗೆಯೂ ಬೇಕಾಗಲಿಲ್ಲ.

ಇದು ನಕ್ಕು ಬಿಡುವ ಮಾತಲ್ಲ. ಆ ಯಂತ್ರಕ್ಕೆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಒಂದು ಪಾಲು ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು. ಸಿಮೆಂಟು ಆಗುವುದು ಸುಣ್ಣದ ಕಲ್ಲು ಸುಟ್ಟು. ಹಾಗೆ ಸುಡುವಾಗ ಹೊರಡುವ ಇಂಗಾಲಾಮ್ಲ ವಾಯು ಭೂಮಿಗೆ ಕಂಬಳಿ ಹೊದಿಸಿದಂತೆ ಬಿಸಿಯನ್ನು ಹಿಡಿದಿಡುತ್ತದೆ. ಬಿಸಿಲು ಹೆಚ್ಚಿತೆಂದು ಯಂತ್ರ. ಯಂತ್ರ ಹೆಚ್ಚಿದಷ್ಟೂ ಬಿಸಿಲು!

ಹಾಗಾದರೆ ದಾರಿ ಯಾವುದು? ಅದನ್ನು ತೋರಿಸಿದವರು ನಿಮ್ಮ ತಾಲ್ಲೂಕಿನವರೇ. ಹುಲಿಕಲ್ಲಿನ ತಿಮ್ಮಕ್ಕ, ಚಿಕ್ಕಯ್ಯ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಕೂಲಿ ಮಾಡಿ ಬಾಳಿದವರು. ಕುದೂರಿನ ದಾರಿಯಲ್ಲಿ ನಾಲ್ಕು ಕಿಲೋಮೀಟರು ಉದ್ದಕ್ಕೂ ಆಲದ ಸಸಿ ನೆಟ್ಟರು, ಕೊಡದಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳು ಕಟ್ಟಿದರು. 385 ಮರಗಳು ಎದ್ದು ನಿಂತವು. 2019ರಲ್ಲಿ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣದಿಂದ ಆ ಮರಗಳಿಗೆ ಕುತ್ತೂ ಬಂತು. ಆ ಮುದುಕಿ ತಾವೇ ಸರ್ಕಾರವನ್ನು ಕೇಳಿಕೊಂಡರು. ಮರಗಳನ್ನು ಉಳಿಸುವ ಭರವಸೆ ದೊರೆಯಿತು.

ಇದೇ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ಅನ್ನದಾಸೋಹದ ಹಿರಿಮೆಯನ್ನು ನಾಡಿಗೆ ತೋರಿದರು. ತಿಮ್ಮಕ್ಕ ತೋರಿದ್ದು ನೆರಳಿನ ದಾಸೋಹ. ಉಣ್ಣುವವನ ಕುಲವನ್ನು ದಾಸೋಹ ಕೇಳುವುದಿಲ್ಲ. ನಡೆಯುವವನ ಕುಲವನ್ನು ಮರವೂ ಕೇಳುವುದಿಲ್ಲ.

ಬೆಂಗಳೂರು ಬಿಡದಿಯನ್ನು ಮುಟ್ಟಿದೆ, ಮಾಗಡಿಯ ಕಡೆಗೂ ಬರುತ್ತಿದೆ. ನಿಮ್ಮ ಹೊಲಗಳು ನಿವೇಶನಗಳಾಗುತ್ತಿವೆ. ಬೇಡವೆಂದರೆ ನಿಲ್ಲುವುದಿಲ್ಲ. ಆದರೆ ಹೇಗೆ ಕಟ್ಟಬೇಕೆಂಬುದು ನಿಮ್ಮ ಕೈಯಲ್ಲಿದೆ. ಕೆರೆಗೆ ನೀರು ತರುವ ಕಾಲುವೆಯನ್ನು ಮುಚ್ಚಬೇಡಿ. ಗಾಳಿ ಹಾಯುವಂತೆ ಎದುರುಬದುರು ಕಿಟಕಿ ಇಡಿಸಿ. ಪಡುವಣ ಬಿಸಿಲಿಗೆ ಅಡ್ಡವಾಗಿ ಮರ ಬೆಳೆಸಿ. ಶಾಲೆ, ಅಂಗಡಿಗಳು ಮಕ್ಕಳು ನಡೆದು ಹೋಗುವಷ್ಟು ಹತ್ತಿರದಲ್ಲಿರಲಿ.

ತಿಮ್ಮಕ್ಕನವರು 2025ರ ನವೆಂಬರಿನಲ್ಲಿ ತೀರಿಕೊಂಡರು. ನಾಳೆ ಆ ಮರಗಳಿಗೆ ಮತ್ತೆ ಕೊಡಲಿ ಬಂದರೆ ಕೇಳುವವರು ಯಾರು? ಮಕ್ಕಳಿಲ್ಲದ ತಾಯಿಯ ಮಕ್ಕಳನ್ನು ಕಾಯುವ ಹೊಣೆ ಇನ್ನು ನಿಮ್ಮದು. ಆ ಭಕ್ತರು ಈಗ ಅಂಗಳದಲ್ಲಿ ಮತ್ತೊಂದು ಹೊಂಗೆ ನೆಟ್ಟಿದ್ದಾರೆ. ನಮಗೆ ಅದೇ ಪಾದಪೂಜೆ.