ಮಂಕು ಕವಿದ ಮನೆಗೆ ಕುರಿಮರಿ



ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ ಖಿನ್ನತೆ ಎಂಬ ಮಾತು ಬಹುಕಾಲ ಬಳಕೆಯಲ್ಲಿರಲಿಲ್ಲ. ‘ಮಂಕಾಗಿ ಕೂತಿದ್ದಾನೆ’ ಎನ್ನುತ್ತಿದ್ದರು, ಅಷ್ಟೆ. 2015ರಲ್ಲಿ ಸಾಲ ಮತ್ತು ಕಬ್ಬಿನ ಬಾಕಿಯ ನಡುವೆ ಈ ಜಿಲ್ಲೆಯ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡಾಗ, ಆ ಮಂಕು ರೋಗವೂ ಆಗಿರಬಹುದೆಂಬ ಅರಿವು ಕೆಲವರಿಗಾದರೂ ಮೂಡಿತು.

ಮನೆಯಲ್ಲಿ ಒಬ್ಬರು ಹೀಗೆ ಕುಗ್ಗಿದಾಗ ‘ಒಂದು ಮರಿ ತಂದುಕೊಡಿ’ ಎಂಬ ಸಲಹೆ ಸುಲಭವಾಗಿ ಬರುತ್ತದೆ. ಅದರಲ್ಲಿ ಹುರುಳಿಲ್ಲದಿಲ್ಲ. ಹೊತ್ತಿಗೆ ಸರಿಯಾಗಿ ನೀರು, ಮೇವು ಬೇಡುವ ಪ್ರಾಣಿ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಿ ಹಿತ್ತಿಲಿಗೆ ಕರೆತರುತ್ತದೆ. ಏಕೆ ಹೀಗಾದೆ ಎಂದು ಕೇಳುವುದಿಲ್ಲ.

ಆದರೆ ಯಾವ ಪ್ರಾಣಿ? ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದ ಹೆಸರು ಹೊತ್ತ ಗಿಡ್ಡಕಾಲಿನ ಕುರಿ ನೋಡಲು ಮುದ್ದು, ಸಾಕಲು ಪರಿಚಿತ. ಅದರ ಕೀರ್ತಿ ಮಾತ್ರ ಮಾಂಸದ್ದು. ಕೈಯಾರೆ ಮೇಯಿಸಿದ ಮರಿಯನ್ನು ಹಬ್ಬದ ಸಂತೆಗೆ ಹೊಡೆದೊಯ್ದರೆ, ಮೊದಲೇ ಕುಗ್ಗಿದ ಜೀವಕ್ಕೆ ಅದು ಇನ್ನೊಂದು ಸಾವು. ಮಾರುವುದಿಲ್ಲವೆಂದು ಮನೆಯವರೆಲ್ಲ ಮುಂಚೆಯೇ ಒಪ್ಪಿರಬೇಕು. ಅದಾಗದಿದ್ದರೆ ರೇಬಿಸ್ ಲಸಿಕೆ ಹಾಕಿಸಿದ ಊರನಾಯಿಯೇ ಮೇಲು. ಪೇಟೆಯ ದುಬಾರಿ ತಳಿಯ ಹಂಗು ಬೇಡ. ರೋಗಿಗೆ ಏಳಲಾಗದ ದಿನ ಮೇವು ಹಾಕುವವರು ಯಾರೆಂಬುದೂ ನಿಶ್ಚಯವಾಗಿರಲಿ.

ಮರಿ ಔಷಧವಲ್ಲ. ಎರಡು ವಾರ ಮೀರಿ ನಿದ್ರೆ, ಹಸಿವು, ಆಸಕ್ತಿ ಕುಂದಿದರೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಾಯಿಂದ ಬಂದಿದ್ದರೆ, ಅವರನ್ನು ಮರಿಯೊಡನೆ ಒಂಟಿಯಾಗಿ ಬಿಟ್ಟು ಗದ್ದೆಗೆ ಹೋಗಬಾರದು. ಕೀಟನಾಶಕದ ಡಬ್ಬಿಯನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಬೇಕು.